ನವಜಾತ ಶಿಶುವಿನ ಕಣ್ಣಿನ ಗೊನೊಕಾಕಲ್ ಸೋಂಕು: ಅಧ್ಯಯನ ಟಿಪ್ಪಣಿ

ಹುಟ್ಟಿದ ಮೊದಲ 28 ದಿನಗಳೊಳಗೆ ಶಿಶುವಿಗೆ ಬರುವ ಕಣ್ಣುಬೇನೆಗಳಲ್ಲಿ ಗೊನೊಕಾಕಲ್ ಸೋಂಕನ್ನು (ಲೈಂಗಿಕ ಸಂಪರ್ಕದಿಂದ ಹರಡುವ ಗೊನೊರಿಯಾ ರೋಗದ ಬ್ಯಾಕ್ಟೀರಿಯಾದಿಂದ ಬರುವ ಸೋಂಕು) ತುರ್ತು ಸ್ಥಿತಿ ಎಂದೇ ಪರಿಗಣಿಸಬೇಕು. ಹೆಚ್ಚಿನ ಬ್ಯಾಕ್ಟೀರಿಯಾಗಳು ಕಾರ್ನಿಯಾದೊಳಗೆ (ಕಣ್ಣಿನ ಮುಂಭಾಗದ ಪಾರದರ್ಶಕ ಪದರದೊಳಗೆ) ಇಳಿಯಬೇಕಾದರೆ ಅದರ ಮೇಲ್ಪದರದಲ್ಲಿ ಮೊದಲೇ ಗಾಯವಿರಬೇಕು. ಆದರೆ ಈ ಸೋಂಕಿಗೆ ಕಾರಣವಾದ ನೈಸೀರಿಯಾ ಗೊನೊರಿಯೆ ಬ್ಯಾಕ್ಟೀರಿಯಾ ಗಾಯವಿಲ್ಲದ ಪದರವನ್ನೂ ಭೇದಿಸಬಲ್ಲದು. ಚಿಕಿತ್ಸೆ ತಡವಾದರೆ ಕಾರ್ನಿಯಾದಲ್ಲಿ ಹುಣ್ಣಾಗಿ, ತೂತುಬಿದ್ದು, ದೃಷ್ಟಿಯೇ ಹೋಗಬಹುದು.

ಸೋಂಕಿರುವ ತಾಯಿಯ ಜನನಮಾರ್ಗದಿಂದ ಹೆರಿಗೆಯ ವೇಳೆ ಶಿಶುವಿಗೆ ತಗಲುವ ಈ ರೋಗ ಸಾಮಾನ್ಯವಾಗಿ 2ರಿಂದ 5ನೇ ದಿನದೊಳಗೆ ಕಾಣಿಸಿಕೊಳ್ಳುತ್ತದೆ. ಹೀಗೆಯೇ ತಾಯಿಯಿಂದ ತಗಲುವ ಇನ್ನೊಂದು ಬ್ಯಾಕ್ಟೀರಿಯಾ ಸೋಂಕಾದ ಕ್ಲಮೈಡಿಯಾ ಬಹುಮಟ್ಟಿಗೆ 5ರಿಂದ 14ನೇ ದಿನದ ನಡುವೆ ಬರುತ್ತದೆ. ದಿನಗಳ ಈ ಲೆಕ್ಕ ಸುಳಿವು ಮಾತ್ರ, ರೋಗನಿರ್ಣಯವಲ್ಲ. ರೆಪ್ಪೆಗಳು ಬಿಗಿಯಾಗಿ ಊದಿಕೊಂಡು ಗಟ್ಟಿಯಾದ ಕೀವು ಧಾರಾಳವಾಗಿ ಸುರಿಯುತ್ತದೆ. ರೆಪ್ಪೆ ಬಿಡಿಸಿದೊಡನೆ ಒಳಗೆ ತುಂಬಿಕೊಂಡ ಕೀವು ಚಿಮ್ಮಬಹುದಾದ್ದರಿಂದ ಪರೀಕ್ಷಿಸುವವರು ಕೈಗವಸಿನ ಜೊತೆಗೆ ರಕ್ಷಣಾ ಕನ್ನಡಕವನ್ನೂ ಧರಿಸಿರಬೇಕು. ಕೀವಿನ ಗ್ರಾಂ ಸ್ಟೇನ್‌ನಲ್ಲಿ (ಬ್ಯಾಕ್ಟೀರಿಯಾಕ್ಕೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ) ಬಿಳಿ ರಕ್ತಕಣಗಳ ಒಳಗೆ ಕೆಂಪು ಬಣ್ಣದ ಜೋಡಿ ಕಾಕಸ್‌ಗಳು (ದುಂಡನೆಯ ಬ್ಯಾಕ್ಟೀರಿಯಾಗಳು) ಕಂಡರೆ, ಕಲ್ಚರ್ (ಬ್ಯಾಕ್ಟೀರಿಯಾವನ್ನು ಬೆಳೆಸಿ ಗುರುತಿಸುವ ಪರೀಕ್ಷೆ) ವರದಿಗಾಗಿ ಕಾಯದೆ ಚಿಕಿತ್ಸೆ ಆರಂಭಿಸಬೇಕು.

ಕಣ್ಣಿಗೆ ಬರೀ ಹನಿ ಅಥವಾ ಮುಲಾಮು ಹಾಕಿದರೆ ಸಾಲದು. ಶಿಶುವನ್ನು ಆಸ್ಪತ್ರೆಗೆ ದಾಖಲಿಸಿಕೊಂಡು, ಪ್ರತಿ ಕಿಲೋ ತೂಕಕ್ಕೆ 25ರಿಂದ 50 ಮಿಲಿಗ್ರಾಂ ಲೆಕ್ಕದಲ್ಲಿ, ಒಟ್ಟು 250 ಮಿಲಿಗ್ರಾಂ ಮೀರದಂತೆ, ಸೆಫ್ಟ್ರಿಯಾಕ್ಸೋನ್ ಎಂಬ ಆ್ಯಂಟಿಬಯೋಟಿಕನ್ನು ರಕ್ತನಾಳಕ್ಕೆ ಅಥವಾ ಸ್ನಾಯುವಿಗೆ ಒಂದೇ ಸಲ ಕೊಡಲಾಗುತ್ತದೆ. ಇಲ್ಲಿ ಒಂದು ಎಚ್ಚರಿಕೆ ಬಹಳ ಮುಖ್ಯ: ಈ ಔಷಧ ರಕ್ತದ ಪ್ರೋಟೀನ್ ಆದ ಆಲ್ಬುಮಿನ್‌ಗೆ ಅಂಟಿಕೊಂಡ ಬಿಲಿರುಬಿನ್ ಅನ್ನು (ಕಾಮಾಲೆಗೆ ಕಾರಣವಾದ ಹಳದಿ ವಸ್ತು) ಕಳಚಿಬಿಡುವುದರಿಂದ ಕಾಮಾಲೆ ಹೆಚ್ಚಿರುವ ಶಿಶುವಿಗೂ, ಕ್ಯಾಲ್ಸಿಯಂ ಜೊತೆ ಸೇರಿ ಗಟ್ಟಿಕಟ್ಟುವುದರಿಂದ ರಕ್ತನಾಳದ ಮೂಲಕ ಕ್ಯಾಲ್ಸಿಯಂ ಪಡೆಯುತ್ತಿರುವ ಶಿಶುವಿಗೂ ಇದು ಸಲ್ಲದು, ಅವರಿಗೆ ಕಿಲೋಗೆ 100 ಮಿಲಿಗ್ರಾಂನಂತೆ ಸೆಫೋಟಾಕ್ಸಿಮ್ ಎಂಬ ಇನ್ನೊಂದು ಆ್ಯಂಟಿಬಯೋಟಿಕ್‌ನ ಒಂದು ಡೋಸ್ ಕೊಡುತ್ತಾರೆ. ಕೀವು ನಿಲ್ಲುವವರೆಗೆ ಸಲೈನ್‌ನಿಂದ ಕಣ್ಣನ್ನು ಮತ್ತೆ ಮತ್ತೆ ತೊಳೆಯಬೇಕು. ಸೋಂಕು ರಕ್ತಕ್ಕೆ, ಕೀಲುಗಳಿಗೆ, ಮಿದುಳುಪೊರೆಗೆ ಹರಡಿದೆಯೇ ಎಂದು ನೋಡಬೇಕು. ಹರಡಿದ್ದರೆ ಒಂದು ಡೋಸ್ ಸಾಲದು. ಕ್ಲಮೈಡಿಯಾ ಪರೀಕ್ಷೆಯನ್ನೂ ಮಾಡಿಸಬೇಕು. ತಾಯಿ ಮತ್ತು ಆಕೆಯ ಸಂಗಾತಿ ಇಬ್ಬರಿಗೂ ಚಿಕಿತ್ಸೆ ಬೇಕು. ಈ ಮಾತನ್ನು ಆಕೆಗೆ ಏಕಾಂತದಲ್ಲಿ, ನಿಂದನೆಯ ಸೋಂಕಿಲ್ಲದಂತೆ ಹೇಳುವುದೂ ವೈದ್ಯರ ಕರ್ತವ್ಯವೇ. ಕೆಂಪಾದ ಕಣ್ಣಿಗೆ ಎದೆಹಾಲು ಹಿಂಡಿ ಕಾದು ನೋಡುವ ರೂಢಿ ನಮ್ಮ ಮನೆಗಳಲ್ಲಿ ಇನ್ನೂ ಇರುವುದರಿಂದ, ಕೀವು ಕಂಡ ದಿನವೇ ಆಸ್ಪತ್ರೆಗೆ ಬರುವಂತೆ ಬಾಣಂತಿಯ ಮನೆಯವರಿಗೆ ಬಿಡುಗಡೆಗೆ ಮುನ್ನವೇ ತಿಳಿಸಬೇಕು.

ತಡೆಯುವ ಕ್ರಮಕ್ಕೆ ದಾರಿ ತೋರಿದವರು ಲೈಪ್‌ಜಿಗ್‌ನ ಪ್ರಸೂತಿ ತಜ್ಞ ಕಾರ್ಲ್ ಕ್ರೆಡೆ. 1880ರ ಸುಮಾರಿಗೆ ಅವರು ಶಿಶುಗಳ ಕಣ್ಣಿಗೆ 2% ಸಿಲ್ವರ್ ನೈಟ್ರೇಟ್ ಹನಿ ಹಾಕಿಸಿ ಈ ರೋಗವನ್ನು ಗಣನೀಯವಾಗಿ ತಗ್ಗಿಸಿದರು. ಅದು ಕಣ್ಣನ್ನು ಕೆರಳಿಸುತ್ತಿದ್ದುದರಿಂದ ಈಗ ಹಲವೆಡೆ 0.5% ಎರಿಥ್ರೊಮೈಸಿನ್ ಅಥವಾ 1% ಟೆಟ್ರಾಸೈಕ್ಲಿನ್ ಮುಲಾಮು ಬಳಕೆಯಲ್ಲಿದೆ. ಆದರೆ ತಾಯಿಗೆ ಚಿಕಿತ್ಸೆಯಾಗದ ಗೊನೊರಿಯಾ ಇರುವುದು ಗೊತ್ತಿದ್ದರೆ ಮುಲಾಮನ್ನಷ್ಟೇ ನಂಬುವಂತಿಲ್ಲ. ಕಣ್ಣು ಶುಭ್ರವಾಗಿ ಕಂಡರೂ ಆ ಶಿಶುವಿಗೆ ಸೆಫ್ಟ್ರಿಯಾಕ್ಸೋನ್ ಒಂದು ಡೋಸ್ ಕೊಡಬೇಕು.