ಸೇಜ್‌ಮ್ಯಾತ್ ಜೊತೆ ‘ಆರ್’ ಬರಲೇಬೇಕಾ?

ಚಿಕ್ಕಮಗಳೂರಿನ ಕಾಫಿಪುಡಿ ಅಂಗಡಿಯಲ್ಲಿ ಮೊದಲು ಕೇಳುವುದೇ “ಚಿಕೋರಿ ಎಷ್ಟು ಹಾಕಲಿ?” ಅಂತ. ಬೇಡ ಅಂದರೆ ಬರೀ ಕಾಫಿಪುಡಿ ಕಟ್ಟಿಕೊಡುತ್ತಾರೆ. ಗಣಿತದ ತಂತ್ರಾಂಶ ಸೇಜ್‌ಮ್ಯಾತ್‌ನಲ್ಲಿ ಬಹಳ ವರ್ಷ ಹೀಗೆ ಕೇಳುವ ಪದ್ಧತಿ ಇರಲಿಲ್ಲ. ಬೇಕೋ ಬೇಡವೋ, ಸಂಖ್ಯಾಶಾಸ್ತ್ರದ ತಂತ್ರಾಂಶ ‘ಆರ್’ ಅದರ ಜೊತೆಗೇ ಬರುತ್ತಿತ್ತು.

ಅದನ್ನು 2005ರಲ್ಲಿ ಶುರು ಮಾಡಿದವರು ವಿಲಿಯಂ ಸ್ಟೈನ್. ಮ್ಯಾಥಮೆಟಿಕಾ, ಮ್ಯಾಟ್‌ಲ್ಯಾಬ್‌ನಂಥ ದುಬಾರಿ ತಂತ್ರಾಂಶಗಳ ಜಾಗದಲ್ಲಿ ಎಲ್ಲರಿಗೂ ಮುಕ್ತವಾಗಿ ಸಿಗುವಂಥದ್ದು ಬೇಕು ಎಂಬುದು ಅವರ ಆಸೆ. ಎಲ್ಲವನ್ನೂ ಹೊಸದಾಗಿ ಬರೆಯಲು ಹೋಗಲಿಲ್ಲ. ಸಂಖ್ಯಾ ಸಿದ್ಧಾಂತಕ್ಕೆ ಪ್ಯಾರಿ, ಗ್ರೂಪ್ ಥಿಯರಿಗೆ ಗ್ಯಾಪ್, ಕ್ಯಾಲ್ಕುಲಸ್‌ಗೆ ಮ್ಯಾಕ್ಸಿಮಾ, ಸಂಖ್ಯಾಶಾಸ್ತ್ರಕ್ಕೆ ಆರ್. ಹೀಗೆ ಆಗಲೇ ಇದ್ದವನ್ನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹೆಣೆದು ಒಂದೇ ಕಟ್ಟು ಮಾಡಿದರು.

ಇಂಟರ್‌ನೆಟ್ ಕುಂಟುತ್ತಿದ್ದ ದಿನಗಳಲ್ಲಿ ಅದು ದೊಡ್ಡ ಉಪಕಾರ. ಒಮ್ಮೆ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ಲ್ಯಾಬ್‌ಗೆ ತಂದರೆ ಮುಗಿಯಿತು, ಬೇರೇನೂ ಹುಡುಕಬೇಕಿರಲಿಲ್ಲ.

ಕಷ್ಟ ಗೊತ್ತಾಗುತ್ತಿದ್ದುದು ಸೋರ್ಸ್‌ನಿಂದ ಬಿಲ್ಡ್ ಮಾಡುವಾಗ, ಅಂದರೆ ಮೂಲ ಕೋಡ್ ತಂದು ತಂತ್ರಾಂಶವನ್ನು ನಮ್ಮ ಕಂಪ್ಯೂಟರ್‌ನಲ್ಲೇ ಕಟ್ಟಿಕೊಳ್ಳುವಾಗ. ಗಂಟೆಗಟ್ಟಲೆ ಕಾಯಬೇಕು. ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್ ಅಷ್ಟು ಹೊತ್ತು ನಿಲ್ಲಬೇಕಲ್ವಾ? ಆರ್ ಸಣ್ಣ ಲೈಬ್ರರಿಯೂ ಅಲ್ಲ. ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ರಾಸ್ ಇಹಾಕ, ರಾಬರ್ಟ್ ಜಂಟಲ್‌ಮನ್ ಕಟ್ಟಿದ ಪೂರ್ತಿ ಪ್ರೋಗ್ರಾಮಿಂಗ್ ಭಾಷೆ ಅದು. ಗಣಿತದ ಹುಡುಗರಿಗೆ ಅದು ಬೇಕಾಗುವುದು ಅಪರೂಪ. ಸಂಖ್ಯಾಶಾಸ್ತ್ರದವರು ಹೇಗೂ ಬೇರೆಯಾಗಿ ಹಾಕಿಕೊಂಡಿರುತ್ತಾರೆ. ಒಂದೇ ಕಂಪ್ಯೂಟರ್‌ನಲ್ಲಿ ಎರಡೆರಡು ಆರ್!

2019ರ ಸುಮಾರಿಗೆ ದಾರಿ ಬದಲಾಯಿತು. ಕಂಪ್ಯೂಟರ್‌ನಲ್ಲಿ ಆಗಲೇ ಇರುವ ಪ್ಯಾಕೇಜ್ ಸರಿಯಿದ್ದರೆ ಅದನ್ನೇ ಬಳಸುವುದನ್ನು ಸೇಜ್ ಕಲಿಯತೊಡಗಿತು. ಆರ್ ಬಿಟ್ಟು ಬಿಲ್ಡ್ ಮಾಡುವ ಆಯ್ಕೆಯೂ ಬಂತು. ಕೊನೆಗೆ ಆರ್ ಆಪ್ಷನಲ್ ಪಟ್ಟಿಗೇ, ಅಂದರೆ ಬೇಕಾದವರು ಮಾತ್ರ ಹಾಕಿಕೊಳ್ಳುವವುಗಳ ಪಟ್ಟಿಗೇ ಹೋಯಿತು.

ಹೇಳಲು ಸುಲಭ. ಆದರೆ ಸೇಜ್‌ನ ಕೈಪಿಡಿಯಲ್ಲಿರುವ ಉದಾಹರಣೆಗಳೇ ಅದರ ಪರೀಕ್ಷೆಗಳೂ ಹೌದು. ಆರ್ ಇಲ್ಲದಿದ್ದರೆ ಅದನ್ನು ಕರೆಯುವ ಪ್ರತಿ ಉದಾಹರಣೆಯೂ ಫೇಲ್. ಹಾಗಾಗಿ ಒಂದೊಂದನ್ನೂ ಹುಡುಕಿ ‘ಇದು ಆಪ್ಷನಲ್’ ಎಂದು ಗುರುತು ಹಾಕಬೇಕು. ಸೇಜ್ ತೆರೆದ ಕೂಡಲೇ ಆರ್ ಕೇಳದಂತೆ, ಯಾರಾದರೂ ನಿಜವಾಗಿ ಬಳಸಿದಾಗ ಮಾತ್ರ ಕೇಳುವಂತೆ ಕೋಡ್ ತಿದ್ದಬೇಕು. ಹೊಸ ಫೀಚರ್ ಬರೆದವರನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಈ ಬಿಡಿಸುವ ಕೆಲಸ ಮಾಡಿದವರ ಮೇಲೆ ಗೌರವ ಜಾಸ್ತಿ.

ಆರ್ ಬೇಕಾದವರು ಈಗಲೂ ಒಂದು ಕಮಾಂಡ್ ಕೊಟ್ಟು ಸೇರಿಸಿಕೊಳ್ಳಬಹುದು. ಆ ಕಮಾಂಡನ್ನು ಲ್ಯಾಬ್‌ನ ಮೊದಲ ದಿನವೇ ಬೋರ್ಡ್ ಮೇಲೆ ಬರೆಯಬೇಕು. ಇಲ್ಲದಿದ್ದರೆ ಹಳೇ ನೋಟ್ಸ್ ಇಟ್ಟುಕೊಂಡು ಕೂತ ಹುಡುಗಿ ಎರರ್ ನೋಡಿ ತಪ್ಪು ತನ್ನದೇ ಅಂದುಕೊಳ್ಳುತ್ತಾಳೆ.