ಗೋಡೆಯ ಹಿಂದೆ ಏನಿದೆ ಎಂದು ಹೇಳುವ ಫೈಲು

ಕೊಡಗಿನ ಬಹಳಷ್ಟು ಕಡೆ ಮನೆ ಕಟ್ಟಬೇಕೆಂದರೆ ಮೊದಲು ಬರೆ, ಅಂದರೆ ಗುಡ್ಡದ ಇಳಿಜಾರು, ಕಡಿಯಬೇಕು, ಆಮೇಲೆ ತಡೆಗೋಡೆ ಎಬ್ಬಿಸಬೇಕು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಜರಿದಂತೆ ಇಡೀ ಗುಡ್ಡವೇ ಜರಿದರೆ ಯಾವ ಗೋಡೆಯೂ ನಿಲ್ಲದು. ಇಲ್ಲಿನ ಮಾತು ಮನೆಯ ಹಿತ್ತಿಲ ಬರೆಗೆ ಕಟ್ಟುವ ಗೋಡೆಯದ್ದು, ಅದರ ದಾಖಲೆಗಳದ್ದು.

3 ಮೀಟರ್ ಎತ್ತರದ ಗೋಡೆಯ ಹಿಂದೆ ಸಾಮಾನ್ಯ ಮರಳುಮಿಶ್ರಿತ ಮಣ್ಣು ಒಣಗಿದ್ದರೆ, ಒಂದು ಮೀಟರ್ ಉದ್ದಕ್ಕೆ ಅದು ತಳ್ಳುವ ಬಲ ಸುಮಾರು 27 ಕಿಲೋನ್ಯೂಟನ್. ಅದೇ ಮಣ್ಣಿನಲ್ಲಿ ಗೋಡೆಯ ತಲೆಯವರೆಗೂ ನೀರು ನಿಂತರೆ ಬಲ 59ರ ಹತ್ತಿರ ಬರುತ್ತದೆ. ಅದರಲ್ಲಿ 44 ನೀರಿನದೇ. ಅದಕ್ಕೇ ಗೋಡೆಯ ಬೆನ್ನಿಗೆ 300 ಎಂಎಂ ಜಲ್ಲಿ, ಜಲ್ಲಿಗೂ ಮಣ್ಣಿಗೂ ನಡುವೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ, ಗೋಡೆಯಲ್ಲಿ ನೀರು ಬಸಿಯುವ ಪಿವಿಸಿ ಪೈಪು. ಮಣ್ಣು ತುಂಬಿದ ಮೇಲೆ ಪೈಪಿನ ಬಾಯಿ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ನಾಲ್ಕು ಮಳೆಗಾಲ ಕಳೆದು ಗೋಡೆ ಹೊಟ್ಟೆ ಬಿಟ್ಟಾಗ ಜಲ್ಲಿ ಹಾಕಿದ್ದರೇ ಎಂಬ ಪ್ರಶ್ನೆಗೆ, ಅಗೆಯದೆ ಉತ್ತರ ಕೊಡುವುದು ಅಂದಿನ ದಾಖಲೆ ಮಾತ್ರ.

ಕಾಗದವನ್ನು ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳ ಮಳೆ ಉಳಿಸುವುದಿಲ್ಲ. ಸೈಟಿನ ಶೆಡ್ಡಿನಲ್ಲಿ ಸುತ್ತಿಟ್ಟ ಡ್ರಾಯಿಂಗಿಗೆ ಬೂಷ್ಟು ಹಿಡಿಯುತ್ತದೆ, ಮಡಚಿದ ಕಡೆ ಅಳತೆ ಅಳಿಸುತ್ತದೆ. ಹಾಗಾಗಿ ಎಲ್ಲರೂ ವಾಟ್ಸ್ಆ್ಯಪ್‌ಗೆ ಬಂದರು. ಅಲ್ಲಿ ಆಗುವ ಅನಾಹುತ ಬೇರೆ ಥರದ್ದು.

ಎ1 ಹಾಳೆಯ ಉದ್ದ 841 ಎಂಎಂ. ಅದರ ಫೋಟೋ ತೆಗೆದು ಕಳಿಸಿದಾಗ ಗಾತ್ರ ಕುಗ್ಗಿ ಉದ್ದಕ್ಕೆ 1600 ಪಿಕ್ಸೆಲ್ (ಚುಕ್ಕೆ) ಉಳಿಯಿತು ಎನ್ನಿ. ಒಂದು ಎಂಎಂಗೆ ಎರಡು ಚುಕ್ಕೆಯೂ ಪೂರ್ತಿ ಸಿಗುವುದಿಲ್ಲ. ಡ್ರಾಯಿಂಗಿನಲ್ಲಿ 2.5 ಎಂಎಂ ಎತ್ತರ ಇರುವ ಅಂಕಿ ಐದು ಚುಕ್ಕೆಯೊಳಗೆ ಮುದುಡಿಕೊಳ್ಳುತ್ತದೆ. ಆಗ 5 ಯಾವುದು, 8 ಯಾವುದು ತಿಳಿಯದು. '12 ಎಂಎಂ ಕಂಬಿ, 150ಕ್ಕೊಂದು' ಎಂಬುದನ್ನು ಮೇಸ್ತ್ರಿ 180 ಎಂದು ಓದಿದರೆ ಮೀಟರಿಗೆ 754 ಚದರ ಎಂಎಂ ಇರಬೇಕಾದ ಉಕ್ಕು 628ಕ್ಕೆ ಇಳಿಯುತ್ತದೆ. ಆರರಲ್ಲಿ ಒಂದು ಪಾಲು ಹೋಯಿತು, ಯಾರೂ ಕದಿಯದೆ. ಅದೇ ಹಾಳೆಯನ್ನು 300 ಡಿಪಿಐಯಲ್ಲಿ (ಇಂಚಿಗೆ 300 ಚುಕ್ಕೆ) ಸ್ಕ್ಯಾನ್ ಮಾಡಿದರೆ ಆ ಅಂಕಿಗೆ ಸುಮಾರು 30 ಚುಕ್ಕೆ ಸಿಗುತ್ತವೆ. ಡ್ರಾಯಿಂಗ್ ಬರೆಯುವ ಸಾಫ್ಟ್‌ವೇರ್ ಕ್ಯಾಡ್‌ನಿಂದ ನೇರವಾಗಿ ತೆಗೆದ ಪಿಡಿಎಫ್ ಅದಕ್ಕಿಂತ ಮೇಲು: ಅದರಲ್ಲಿ ಚುಕ್ಕೆಗಳಿಲ್ಲ, ಗೆರೆಗಳೇ ಇರುತ್ತವೆ, ಎಷ್ಟು ಹಿಗ್ಗಿಸಿದರೂ ಮಸುಕಾಗದು. ವಾಟ್ಸ್ಆ್ಯಪ್‌ನಲ್ಲೇ ಕಳಿಸಬೇಕಾದರೆ ಫೋಟೋ ಆಗಿ ಬೇಡ, 'ಡಾಕ್ಯುಮೆಂಟ್' ಆಗಿ ಕಳಿಸಿ. ಎ1 ಹಾಳೆಯನ್ನು ಎ3ಗೆ ಪ್ರಿಂಟ್ ಹಾಕಿದರೆ 1:50 ಇದ್ದ ಸ್ಕೇಲು 1:100 ಆಗುತ್ತದೆ ಎಂಬುದೂ ನೆನಪಿರಲಿ. ಟೇಪು ಹಿಡಿದು ಕಾಗದ ಅಳೆಯಬಾರದು, ಬರೆದ ಅಳತೆಯನ್ನೇ ನಂಬಬೇಕು.

ಇದಕ್ಕಿಂತ ದೊಡ್ಡ ರೋಗ ಹಳೆಯ ಡ್ರಾಯಿಂಗು. ಎಂಜಿನಿಯರು ತಿದ್ದಿ ಕಳಿಸಿರುತ್ತಾರೆ, ಕಂಬಿ ಬಗ್ಗಿಸಿ ಕಟ್ಟುವ ಬಾರ್ ಬೆಂಡರ್‌ನ ಫೋನಿನಲ್ಲಿ ಹೋದ ತಿಂಗಳದ್ದೇ ತೆರೆದಿರುತ್ತದೆ. 'ಫೈನಲ್', 'ಫೈನಲ್ ನ್ಯೂ' ಎಂಬ ಹೆಸರುಗಳಿಂದ ಯಾವುದು ಹೊಸದೆಂದು ಯಾರಿಗೂ ಗೊತ್ತಾಗದು. ಹೆಸರಿನಲ್ಲೇ ಕೆಲಸದ ಭಾಗ, ಹಾಳೆ ಸಂಖ್ಯೆ, ಪರಿಷ್ಕರಣೆ, ದಿನಾಂಕ ಇರಬೇಕು: 'ತಡೆಗೋಡೆ-02-ಆರ್3-20250114'. ವರ್ಷ ಮೊದಲು ಬರೆದರೆ ಫೈಲುಗಳು ತಾವಾಗಿ ಸಾಲಾಗಿ ನಿಲ್ಲುತ್ತವೆ. ಕಟ್ಟಡ ಮಾಹಿತಿಗೆಂದೇ ಇರುವ ಐಎಸ್ಒ 19650 ಮಾನದಂಡ ಪ್ರತಿ ದಾಖಲೆಗೆ ನಾಲ್ಕು ಸ್ಥಿತಿ ಹೇಳುತ್ತದೆ: ಕರಡು, ಪರಸ್ಪರ ಹಂಚಿಕೊಂಡದ್ದು, ಕೆಲಸಕ್ಕೆ ಬಿಟ್ಟದ್ದು, ಹಳೆಯ ಕಡತ. ನಾಲ್ಕು ಫೋಲ್ಡರ್ ಮಾಡಿದರೆ ಸಣ್ಣ ಕಂಟ್ರಾಕ್ಟರಿಗೂ ಇದು ಕೈಗೆಟಕುತ್ತದೆ. ಸೈಟಿನವರಿಗೆ ಮೂರನೆಯದು ಮಾತ್ರ ಕಾಣಬೇಕು, ಅದೂ ಓದಲಷ್ಟೇ. ಆರ್3 ಅಲ್ಲಿಗೆ ಬಂದ ಗಳಿಗೆಯೇ ಆರ್2 ಅಲ್ಲಿಂದ ಹೋಗಬೇಕು.

ಗಾಳಿಬೀಡಿನಂಥ ಕಡೆ ನೆಟ್‌ವರ್ಕ್ ನಂಬಿ ಕೂತರೆ ಕೆಲಸ ಸಾಗದು. ಸಂಜೆ ಮಡಿಕೇರಿಯಲ್ಲಿ ಸಿಗ್ನಲ್ ಇರುವಾಗಲೇ ಫೋಲ್ಡರನ್ನು ಆಫ್‌ಲೈನ್‌ಗೆ ಇಳಿಸಿಕೊಳ್ಳಿ. ಶೆಡ್ಡಿನ ಬಾಗಿಲಿಗೆ ಒಂದು ಬೋರ್ಡು ಹಾಕಿ, ಹಾಳೆ ಸಂಖ್ಯೆ ಮತ್ತು ಇವತ್ತು ನಡೆಯುವ ಪರಿಷ್ಕರಣೆ ಎರಡನ್ನೇ ಬರೆಯಿರಿ. ಕಂಬಿ ಕಟ್ಟುವವನು ತನ್ನ ಫೋನಿನಲ್ಲಿರುವ ಫೈಲಿನ ಹೆಸರನ್ನು ಬೋರ್ಡಿಗೆ ಹೋಲಿಸಿದರೆ ಸಾಕು. ಸೀಮೆಸುಣ್ಣಕ್ಕೆ ಸಿಗ್ನಲ್ ಬೇಕಿಲ್ಲ.

ಫೋಟೋ ಯಾವಾಗ ತೆಗೆಯಬೇಕು? ಮುಚ್ಚಿಹೋಗುವ ಮುನ್ನ. ಶಟ್ರಿಂಗ್ (ಕಾಂಕ್ರೀಟ್ ಸುರಿಯುವ ಅಚ್ಚು) ಮುಚ್ಚುವ ಮೊದಲು ಕಂಬಿಯ ಪಕ್ಕ ಟೇಪು ಹಿಡಿದು ಒಂದು. ಇಡೀ ಗೋಡೆ ಕಾಣುವಂತೆ ದೂರದಿಂದ ಒಂದು. ಈ ಬಗೆಯ ಗೋಡೆಯಲ್ಲಿ ಮುಖ್ಯ ಕಂಬಿ ಇರಬೇಕಾದ್ದು ಮಣ್ಣಿನ ಬದಿಗೆ, ಏಕೆಂದರೆ ಗೋಡೆ ಬಾಗಿದಾಗ ಹಿಗ್ಗುವುದು ಆ ಮೈ. ಬರಿ ಹತ್ತಿರದ ಫೋಟೋ ಇದ್ದರೆ ಅದು ಯಾವ ಬದಿಯೆಂದು ಆಮೇಲೆ ಹೇಳಲಾಗದು. ಮಣ್ಣು ತುಂಬುವಾಗ ಪ್ರತಿ ಅರ್ಧ ಮೀಟರಿಗೆ ಜಲ್ಲಿ, ಬಟ್ಟೆ ಎರಡೂ ಕಾಣುವಂತೆ ಇನ್ನೊಂದು.

ಕಾಂಕ್ರೀಟಿನ ಬಲ ಪರೀಕ್ಷಿಸಲು ಎರಕ ಹೊಯ್ಯುವ ಘನಗಳ, ಅಂದರೆ ಕ್ಯೂಬುಗಳ, ವರದಿಯಲ್ಲೂ ಇದೇ ತೊಡಕು. ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456:2000 ಪ್ರಕಾರ 16ರಿಂದ 30 ಘನ ಮೀಟರ್ ಕಾಂಕ್ರೀಟಿಗೆ ಮೂರು ಮಾದರಿ, ಮಾದರಿಗೆ ಮೂರು ಕ್ಯೂಬು. 28 ದಿನದ ವರದಿ ಬರುವಷ್ಟರಲ್ಲಿ ಮುಂದಿನ ಎರಡು ಭಾಗಕ್ಕೂ ಕಾಂಕ್ರೀಟ್ ಬಿದ್ದಿರುತ್ತದೆ. ಕ್ಯೂಬಿನ ಮೇಲೆ 'ತಡೆಗೋಡೆ' ಎಂದಷ್ಟೇ ಗೀಚಿದ್ದರೆ, ಫಲಿತಾಂಶ ಕಡಿಮೆ ಬಂದಾಗ ಯಾವ ಭಾಗವನ್ನು ಅನುಮಾನಿಸಬೇಕು? ಕಾಂಕ್ರೀಟ್ ಹಾಕಿದ ಸರದಿಗೊಂದು ಸಂಖ್ಯೆ ಕೊಟ್ಟು, ಅದನ್ನೇ ಕ್ಯೂಬಿನ ಮೇಲೆ, ಸಿಮೆಂಟಿನ ಬಿಲ್ಲಿನ ಮೇಲೆ, ಫೋಟೋ ಹೆಸರಿನಲ್ಲಿ ಬರೆದರೆ ಎಲ್ಲವೂ ಒಂದೇ ಹುಡುಕಾಟಕ್ಕೆ ಸಿಗುತ್ತವೆ.

ತಕರಾರು ಎದ್ದರೆ 'ಫೈಲು ತಿದ್ದಿದ್ದೀರಿ' ಎಂಬ ಮಾತು ಬಂದೇ ಬರುತ್ತದೆ. ಇದಕ್ಕೆ ಉತ್ತರ ಹ್ಯಾಶ್. ಎಸ್ಎಚ್ಎ-256 ಎಂಬ ಲೆಕ್ಕ ಯಾವ ಫೈಲಿಗೂ 64 ಅಕ್ಷರಗಳ ಬೆರಳಚ್ಚು ಕೊಡುತ್ತದೆ. ಒಂದು ಅಲ್ಪವಿರಾಮ ಬದಲಾದರೂ ಬೆರಳಚ್ಚು ಪೂರ್ತಿ ಬೇರೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನಲ್ಲಿ ಡಿಜಿಟಲ್ ದಾಖಲೆಯ ಜೊತೆ ಕೊಡಬೇಕಾದ ಪ್ರಮಾಣಪತ್ರದಲ್ಲಿ ಈ ಹ್ಯಾಶ್ ಬರೆಯಲು ಜಾಗವೇ ಇದೆ. ಬಿಲ್ಲು ಕೊಟ್ಟ ದಿನವೇ ಹ್ಯಾಶ್ ತೆಗೆದು ಎರಡೂ ಕಡೆಯವರಿಗೆ ಇಮೇಲ್ ಮಾಡಿಟ್ಟರೆ ಒಳ್ಳೆಯದು.

ಕೆಲಸ ಮುಗಿದಾಗ ಇದೆಲ್ಲದರ ಒಂದು ಪ್ರತಿ ಮನೆಯವರ ಕೈ ಸೇರಲೇಬೇಕು: ಡ್ರಾಯಿಂಗು, ವರದಿ ಪಿಡಿಎಫ್/ಎ (ಬಹುಕಾಲ ಉಳಿಸಿಡಲೆಂದೇ ಇರುವ ಪಿಡಿಎಫ್) ರೂಪದಲ್ಲಿ, ಪಹಣಿ, ಭೂ ಪರಿವರ್ತನೆ ಆದೇಶದ ಸ್ಕ್ಯಾನಿನ ಜೊತೆ, ಒಂದು ಪೆನ್‌ಡ್ರೈವಿನಲ್ಲಿ, ಒಂದು ಕ್ಲೌಡಿನಲ್ಲಿ. ಜೊತೆಗೆ ಒಂದೇ ಪುಟದ ನಕ್ಷೆ: ನೀರು ಬಸಿಯುವ ಪೈಪುಗಳು ಎಲ್ಲೆಲ್ಲಿವೆ, ಎಷ್ಟಿವೆ. ಪ್ರತಿ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮುಂಚೆ, ಅದನ್ನು ನೋಡಿ ಎಣಿಸಿ, ಬಾಯಿಗೆ ಕಟ್ಟಿಕೊಂಡ ಬೇರು, ಮಣ್ಣು ತೆಗೆಯಲು.