ಎಲ್ಲಾ ಪೇರೆಂಟ್ಸ್ ಮೊಬೈಲ್ ನಂಬರೂ 2147483647

ಒಂದು ಟ್ಯೂಷನ್ ಸೆಂಟರ್‌ನವರು ಫೋನ್ ಮಾಡಿ "ಸರ್, ಸಾಫ್ಟ್‌ವೇರಲ್ಲಿ ಎಲ್ಲಾ ಪೇರೆಂಟ್ಸ್‌ದೂ ಒಂದೇ ನಂಬರ್ ತೋರಿಸ್ತಿದೆ, ಯಾರೋ ಹ್ಯಾಕ್ ಮಾಡಿರ್ಬೇಕು" ಅಂದ್ರು. ನಂಬರ್ ಓದಿ ಅಂದೆ. ಎರಡು, ಒಂದು, ನಾಲ್ಕು, ಏಳು ಅಂತ ಶುರು ಮಾಡ್ತಿದ್ದ ಹಾಗೇ ಗೊತ್ತಾಯ್ತು, ಹ್ಯಾಕೂ ಇಲ್ಲ ಏನೂ ಇಲ್ಲ. ಡೇಟಾಬೇಸ್ ಕೆಲಸ ಮಾಡೋರಿಗೆಲ್ಲ ಬಾಯಿಪಾಠ ಆಗಿರೋ ಸಂಖ್ಯೆ ಇದು.

214 ಕೋಟಿ 74 ಲಕ್ಷ 83 ಸಾವಿರದ 647. ಅವ್ರ ಡೇಟಾಬೇಸಲ್ಲಿ ಫೋನ್ ನಂಬರ್ ಇಟ್ಟಿದ್ದು ಇಂಟ್ ಅನ್ನೋ, ಅಂದ್ರೆ ಪೂರ್ಣ ಸಂಖ್ಯೆ ಇಡೋ ಕಾಲಂನಲ್ಲಿ. ಅದಕ್ಕೆ 32 ಬಿಟ್ (0 ಇಲ್ಲಾ 1 ಹಿಡಿಸೋ ಮನೆ) ಜಾಗ, ಅದ್ರಲ್ಲಿ ಒಂದು ಪ್ಲಸ್ಸಾ ಮೈನಸ್ಸಾ ಅಂತ ಹೇಳೋಕೇ ಹೋಗುತ್ತೆ, ಉಳಿದ 31ರಲ್ಲೂ 1 ತುಂಬಿದ್ರೆ ಬರೋದೇ ಇದು, ಅಂದ್ರೆ 31 ಎರಡುಗಳನ್ನ ಗುಣಿಸಿ ಒಂದು ಕಳೆದ್ರೆ ಸಿಗೋದು. ನಮ್ಮ ಮೊಬೈಲ್ ನಂಬರ್‌ಗಳು 10 ಅಂಕಿ, ಶುರು ಆಗೋದೇ 6, 7, 8, 9ರಿಂದ, ಹಾಗಾಗಿ ಒಂದೂ ಅದರೊಳಗೆ ಹಿಡಿಯಲ್ಲ. ಮೈಎಸ್‌ಕ್ಯೂಎಲ್‌ನಲ್ಲಿ (ಅದೊಂದು ಡೇಟಾಬೇಸ್ ಸಾಫ್ಟ್‌ವೇರ್) ತಪ್ಪು ಡೇಟಾನ ತಡೆಯೋ ಸ್ಟ್ರಿಕ್ಟ್ ಮೋಡ್ ಆಫ್ ಆಗಿದ್ರೆ ಎರರ್ ಕೊಡಲ್ಲ, ಹಿಡಿಸೋ ಅತಿ ದೊಡ್ಡ ಸಂಖ್ಯೆನ ಬರೆದಿಟ್ಟು ಮುಂದೆ ಹೋಗ್ಬಿಡುತ್ತೆ.

ನಂಗೆ ಈ ಸಂಖ್ಯೆ ಮೇಲೆ ಪ್ರೀತಿ ಇರೋದು ಬೇರೆ ಕಾರಣಕ್ಕೆ. ಇದು ಅವಿಭಾಜ್ಯ, 1 ಮತ್ತೆ ತನ್ನನ್ನ ಬಿಟ್ಟು ಬೇರೆ ಯಾವುದ್ರಿಂದ್ಲೂ ಭಾಗ ಆಗಲ್ಲ. 1644ರಲ್ಲಿ ಫ್ರಾನ್ಸಿನ ಮರ್ಸೆನ್ ಅನ್ನೋ ಪಾದ್ರಿ ಕೊಟ್ಟ ಇಂಥ ಅವಿಭಾಜ್ಯಗಳ ಪಟ್ಟಿಲಿ ಇದೂ ಇತ್ತು, ಆ ಪಟ್ಟಿಲಿ ಕೆಲವು ತಪ್ಪು, ಆದ್ರೆ ಇದು ಸರಿ ಅಂತ 1772ರ ಹೊತ್ತಿಗೆ ಖಚಿತ ಮಾಡಿದ್ದು ಗಣಿತಜ್ಞ ಆಯ್ಲರ್. ಆಗ ಅವ್ರಿಗೆ ಕಣ್ಣು ಹೆಚ್ಚುಕಡಿಮೆ ಹೋಗಿತ್ತು! ಇದರ ವರ್ಗಮೂಲ 46340 ಚಿಲ್ಲರೆ, ಅದನ್ನ ದಾಟಿ ನೋಡ್ಬೇಕಿಲ್ಲ, ಆದ್ರೂ ಅಲ್ಲೀತನಕ ಬರೋ ಸಾವಿರಾರು ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸಿ ನೋಡ್ತಾ ಕೂತ್ರೆ ಮುಗಿಯೋ ಕೆಲಸ ಅಲ್ಲ. ಆಯ್ಲರ್ ಏನ್ ತೋರಿಸಿದ್ರು ಅಂದ್ರೆ, ಇದನ್ನ ಭಾಗಿಸೋ ಅವಿಭಾಜ್ಯ ಯಾವುದಾದ್ರೂ ಇದ್ರೆ ಅದನ್ನ 248ರಿಂದ ಭಾಗಿಸಿದಾಗ ಶೇಷ 1 ಬರ್ಬೇಕು ಇಲ್ಲಾ 63 ಬರ್ಬೇಕು. ಅಲ್ಲಿಗೆ ನೋಡ್ಬೇಕಾದ ಸಂಖ್ಯೆಗಳು 372ಕ್ಕೆ ಇಳೀತು, ಅದ್ರಲ್ಲೂ ಅವಿಭಾಜ್ಯ ಅಲ್ಲದ್ದನ್ನ ಕೈಬಿಟ್ರೆ ಇನ್ನೂ ಕಮ್ಮಿ. ಲೆಕ್ಕ ಮಾಡೋದಕ್ಕಿಂತ ಯಾವ ಲೆಕ್ಕ ಬೇಡ ಅಂತ ತಿಳಿಯೋದು ದೊಡ್ಡದು, ನಾನು ಕ್ವೆರಿ (ಡೇಟಾಬೇಸ್‌ಗೆ ಕೇಳೋ ಪ್ರಶ್ನೆ) ಬರೆಯುವಾಗ್ಲೂ ನೆನಪಾಗೋದು ಅದೇ.

ಅವಿಭಾಜ್ಯ ಆಗಿರೋದ್ರಿಂದ ಕೆಲಸಕ್ಕೂ ಬಂತು. 1988ರಲ್ಲಿ ಪಾರ್ಕ್ ಮತ್ತೆ ಮಿಲ್ಲರ್ ಅನ್ನೋ ಕಂಪ್ಯೂಟರ್ ವಿಜ್ಞಾನಿಗಳು ರ್‍ಯಾಂಡಮ್ ನಂಬರ್‌ಗೆ (ಕ್ರಮ ಇಲ್ಲದ ಹಾಗೆ ಕಾಣೋ ಸಂಖ್ಯೆಗಳು) ಹೇಳಿದ ವಿಧಾನ ಇಷ್ಟೇ: ಕೈಲಿರೋ ಸಂಖ್ಯೆನ 16807ರಿಂದ ಗುಣಿಸಿ, 2147483647ರಿಂದ ಭಾಗಿಸಿ, ಶೇಷ ಇಟ್ಕೊಳಿ. 1ರಿಂದ ಶುರು ಮಾಡಿದ್ರೆ 16807, ಆಮೇಲೆ 282475249, ಹೀಗೆ 1ರಿಂದ 2147483646ರ ತನಕ ಪ್ರತಿ ಸಂಖ್ಯೆನೂ ಒಂದೊಂದ್ಸಲ ಬಂದ್ಮೇಲೇನೇ ಮತ್ತೆ 1 ಬರುತ್ತೆ.

ಟ್ಯೂಷನ್ ಸೆಂಟರ್ ವಿಷಯಕ್ಕೆ ಬಂದ್ರೆ, ಆ ಕಾಲಂನ ಇಂಟ್‌ನಿಂದ ಟೆಕ್ಸ್ಟ್‌ಗೆ ಬದಲಾಯಿಸಿದೆ, ಫೋನ್ ನಂಬರ್‌ನ ಯಾರೂ ಕೂಡಿ ಕಳೆಯಲ್ಲ, ಅದು ಹೆಸರಿನ ಥರಾನೇ. ಹಳೇ ನಂಬರ್‌ಗಳು ಮಾತ್ರ ಸೇವ್ ಆಗುವಾಗಲೇ ಹೋಗಿದ್ವು, ಅಡ್ಮಿಷನ್ ಫಾರಂಗಳ ಕಟ್ಟು ಬಿಚ್ಚಿ ಅವ್ರು ಒಂದೊಂದೇ ಓದಿದ್ರು, ನಾನು ಟೈಪ್ ಮಾಡಿದೆ.